ಸೈಕಲ್ ಸವಾರರ ಸಾಮಾನು ಕೈಪಿಡಿ: ಪಶ್ಚಿಮ ಬೆಂಗಳೂರು ಆವೃತ್ತಿ

ಬಳಕೆಗೆ ಮುನ್ನ

ಹೊಸ ಸೈಕಲ್ ಕೊಂಡಿದ್ದೀರಿ. ಪೆಟ್ಟಿಗೆಯೊಳಗೆ ಸೈಕಲ್ಲಿನ ಜತೆಗೆ ಒಂದು ಬೆಲ್ಲು, ಯಾವ ನಟ್ಟಿಗೂ ಕೂರದ ಒಂದು ಸ್ಪ್ಯಾನರು, ಕನ್ನಡ ಒಂದನ್ನು ಬಿಟ್ಟು ಮಿಕ್ಕ ಭಾಷೆಗಳಲ್ಲೆಲ್ಲ ಅಚ್ಚಾದ ಒಂದು ಪುಸ್ತಿಕೆ ಸಿಕ್ಕಿರಬೇಕು. ಬ್ರೇಕ್ ಬಿಗಿಯುವುದು, ಗೇರ್ ಬದಲಿಸುವುದು, ಚೈನಿಗೆ ಎಣ್ಣೆ ಬಿಡುವುದು ಎಲ್ಲ ಆ ಪುಸ್ತಿಕೆಯಲ್ಲಿದೆ. ಊಟದ ಡಬ್ಬಿ ಎಲ್ಲಿಡಬೇಕು ಎನ್ನುವುದು ಮಾತ್ರ ಇಲ್ಲ. ಬರೆದವರು ಬಹುಶಃ ಕಾರಿನಲ್ಲಿ ಓಡಾಡುವವರು. ಆ ಕೊರತೆ ತುಂಬಲೆಂದೇ ಈ ಕೈಪಿಡಿ.

ಇದು ಅನ್ವಯವಾಗುವ ವ್ಯಾಪ್ತಿ: ಓಕಳಿಪುರ ದಾಟಿದ ಮೇಲೆ ಸಿಗುವ ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಅಲ್ಲಿಂದ ಮೈಸೂರು ರಸ್ತೆ ಹಿಡಿದು ಕೆಂಗೇರಿಯವರೆಗೆ. ಭಾನುವಾರ ಬೆಳಗಿನ ಜಾವ ಬಣ್ಣಬಣ್ಣದ ಬಿಗಿಯುಡುಪು ತೊಟ್ಟು ನಂದಿಬೆಟ್ಟದ ಕಡೆ ಹೋಗಿ, ಇಡ್ಲಿ ವಡೆ ತಿಂದು, ಫೋಟೊ ಹಾಕಿ ಬರುವವರಿಗೆ ಇದರ ಅಗತ್ಯವಿಲ್ಲ. ಅವರು ಒಯ್ಯುವುದು ನೀರಿನ ಬಾಟಲಿ ಒಂದನ್ನೇ. ಸೋಮವಾರದಿಂದ ಶನಿವಾರದವರೆಗೆ ಕೆಲಸಕ್ಕೆ ತುಳಿದುಕೊಂಡು ಹೋಗಿ, ಬರುವಾಗ ಅರ್ಧ ಲೀಟರ್ ಮೊಸರು ತರುವವರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ.

ಭಾಗ 1: ಹೊರೆಯ ಪರಿಚಯ

ಹೊರೆ ಎರಡು ಬಗೆ. ಒಂದು ನಿಮ್ಮದು, ಇನ್ನೊಂದು ನಿಮ್ಮದಲ್ಲದ್ದು.

ನಿಮ್ಮದನ್ನು ಪಟ್ಟಿ ಮಾಡುವುದು ಸುಲಭ. ಲ್ಯಾಪ್‌ಟಾಪು, ಅದರ ಚಾರ್ಜರು, ಡಬ್ಬಿ, ಬೀಗ, ಮಳೆಯಂಗಿ, ಆಫೀಸಿನಲ್ಲಿ ತೊಡಲು ಇಸ್ತ್ರಿ ಮಾಡಿದ ಅಂಗಿ. ಎಲ್ಲ ಸೇರಿ ಐದಾರು ಕೆ.ಜಿ. ದಾಟುವುದಿಲ್ಲ. ನಿಮ್ಮದಲ್ಲದ್ದಕ್ಕೆ ಮೇಲ್ಮಿತಿ ಎಂಬುದೇ ಇಲ್ಲ. ಅದು ಹುಟ್ಟುವುದು ಒಂದೇ ಮಾತಿನಿಂದ: "ಹೇಗೂ ಆ ಕಡೆಯಿಂದಲೇ ಬರ್ತೀಯಲ್ಲ." ನೀವು ಗೇಟು ತೆಗೆದು ಒಂದು ಕಾಲು ಪೆಡಲಿನ ಮೇಲಿಟ್ಟ ಗಳಿಗೆಗೆ ಸರಿಯಾಗಿ ಈ ಮಾತು ಮಹಡಿಯಿಂದಲೋ ಅಡುಗೆಮನೆಯ ಕಿಟಕಿಯಿಂದಲೋ ಬರುತ್ತದೆ. ಹಿಂದೆಯೇ ಒಂದು ಬಟ್ಟೆಯ ಚೀಲವೂ ಬರುತ್ತದೆ.

ಕಾರು ತೆಗೆಯುವವನಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ. ಪಾರ್ಕಿಂಗ್ ಸಿಗಲ್ಲ ಎಂಬ ಸಬೂಬು ಅವನ ನಾಲಗೆಯ ತುದಿಯಲ್ಲೇ ಇರುತ್ತದೆ. ಸೈಕಲ್ಲಿನವನಿಗೆ ಆ ಸಬೂಬೂ ಇಲ್ಲ. ವಿಜಯನಗರದ ಮಾರ್ಕೆಟ್ಟಿನಲ್ಲಿ ಸೊಪ್ಪಿನ ಗುಡ್ಡೆಯ ಪಕ್ಕದಲ್ಲೇ ಒಂದು ಕಾಲೂರಿ ನಿಂತು, ಸೀಟಿನಿಂದ ಇಳಿಯದೆ ಎರಡು ಕಟ್ಟು ದಂಟು ತಗೊಂಡು ಹೊರಡಬಲ್ಲ ಎಂಬುದು ಇಡೀ ಮನೆಗೆ ಗೊತ್ತು. ಕೆಲವೆಡೆ ಇಡೀ ಬೀದಿಗೇ ಗೊತ್ತು.

ಆದ್ದರಿಂದ ಈ ಕೈಪಿಡಿಯ ಮೊದಲ ನಿಯಮ: ಚೀಲವನ್ನು ಬೆಳಗಿನ ಹೊರೆ ನೋಡಿ ಆರಿಸಬೇಡಿ, ಸಂಜೆಯ ಹೊರೆ ನೋಡಿ ಆರಿಸಿ. ಬೆಳಿಗ್ಗೆ ಅರ್ಧ ಖಾಲಿ ಇರದ ಚೀಲ ಸಂಜೆ ಸಾಲುವುದಿಲ್ಲ.

ಭಾಗ 2: ಬೆನ್ನು

ಹೊಸಬರೆಲ್ಲ ಮೊದಲು ಕೈ ಹಾಕುವುದು ಬೆನ್ನಚೀಲಕ್ಕೆ. ಮನೆಯಲ್ಲಿ ಹೇಗೂ ಒಂದು ಇರುತ್ತದೆ, ಕಂಪನಿಯವರೇ ಕೊಟ್ಟಿರುತ್ತಾರೆ, ಅದರ ಮೇಲೆ ಕಂಪನಿಯ ಹೆಸರೂ ಇರುತ್ತದೆ. ಸಮತಟ್ಟಾದ ರಸ್ತೆಯಲ್ಲಿ, ಚಳಿಗಾಲದಲ್ಲಿ, ಎರಡು ಕಿಲೋಮೀಟರಿನೊಳಗೆ ಇದು ನಡೆಯುತ್ತದೆ. ಮಾಗಡಿ ರಸ್ತೆಯ ಏರು ಶುರುವಾದ ಮೇಲೆ ಅದು ಬೇತಾಳನಂತೆ ಬೆನ್ನಿಗೆ ಅಂಟಿಕೊಳ್ಳುತ್ತದೆ. ಬೇತಾಳನಾದರೂ ಕಥೆ ಹೇಳುತ್ತಿದ್ದ.

ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ಬೆವರೇ ಬರುವುದಿಲ್ಲ ಎಂದು ಚೆನ್ನೈ ನೆಂಟರ ಮುಂದೆ ಹೇಳಿಕೊಳ್ಳುವವರು ಬೆನ್ನಚೀಲ ಹೊತ್ತು ಏಪ್ರಿಲ್ ತಿಂಗಳಲ್ಲಿ ಕಾಮಾಕ್ಷಿಪಾಳ್ಯದಿಂದ ರಾಜಾಜಿನಗರಕ್ಕೆ ಒಮ್ಮೆ ತುಳಿಯಲಿ. ಮುಂಭಾಗದ ಅಂಗಿ ಒಣಗಿಯೇ ಇರುತ್ತದೆ. ಹಿಂಭಾಗದಲ್ಲಿ ಚೀಲದ ಅಚ್ಚು, ಎರಡು ಪಟ್ಟಿ ಸಮೇತ, ಮಧ್ಯಾಹ್ನದ ಮೀಟಿಂಗಿನವರೆಗೂ ಉಳಿಯುತ್ತದೆ. ಬೆವರಿಗಿಂತ ದೊಡ್ಡ ತೊಂದರೆ ಬೇರೆ ಇದೆ. ಭಾರ ಮೇಲಿದ್ದಷ್ಟೂ ತೂಗಾಟ ಹೆಚ್ಚು. ಕಾರ್ಡ್ ರೋಡಿನಲ್ಲಿ ಬಲಕ್ಕೆ ಸರಿಯುವ ಮುಂಚೆ ಹೆಗಲ ಮೇಲಿಂದ ಹಿಂದಿನ ಬಸ್ಸನ್ನು ನೋಡಬೇಕು. ಆಗ ಬೆನ್ನ ಮೇಲಿನ ಆರು ಕೆ.ಜಿ. ನಿಮ್ಮ ಜತೆಗೇ ತಿರುಗುತ್ತದೆ, ಹ್ಯಾಂಡಲ್ಲೂ ಅಷ್ಟೇ ಅಳತೆಗೆ ಅಲ್ಲಾಡುತ್ತದೆ.

2019ರಲ್ಲಿ ರಾಜ್ಯ ಸರ್ಕಾರ ಶಾಲಾ ಮಕ್ಕಳ ಚೀಲಕ್ಕೆ ತೂಕದ ಮಿತಿ ಹಾಕಿತು. ಒಂಬತ್ತು, ಹತ್ತನೇ ತರಗತಿಯವರಿಗೆ ನಾಲ್ಕರಿಂದ ಐದು ಕೆ.ಜಿ. ದಾಟಬಾರದು ಎಂದು ಸುತ್ತೋಲೆ. ಆ ಮಕ್ಕಳೇ ಓದಿ ಇಂಜಿನಿಯರುಗಳಾದ ಮೇಲೆ ಅವರ ಚೀಲ ತೂಗುವವರು ಯಾರೂ ಇಲ್ಲ.

ಭಾಗ 3: ಹ್ಯಾಂಡಲ್ಲು ಮತ್ತು ಬುಟ್ಟಿ

ಚೀಲವನ್ನು ಹ್ಯಾಂಡಲ್ಲಿಗೆ ನೇತುಹಾಕಬೇಡಿ. ಹೀಗೆ ಹೇಳಿದರೆ ಯಾರೂ ಕೇಳುವುದಿಲ್ಲ ಎಂದು ಗೊತ್ತಿರುವುದರಿಂದ ನಡೆಯುವುದನ್ನೂ ಹೇಳಿಬಿಡುತ್ತೇವೆ. ಚೀಲ ಮೊದಲು ಮೊಣಕಾಲಿಗೆ ಬಡಿಯುತ್ತದೆ. ನೀವು ಅದನ್ನು ಹೊರಕ್ಕೆ ಸರಿಸುತ್ತೀರಿ. ಮುಂದಿನ ಹಂಪಿನಲ್ಲಿ ಅದು ತೂಗಿ ಒಳಕ್ಕೆ ಬರುತ್ತದೆ. ಅದರ ಮುಂದಿನದರಲ್ಲಿ ಚೀಲದ ಮೂಲೆ ಮುಂಚಕ್ರದ ಕಡ್ಡಿಗಳ ನಡುವೆ ಹೋಗುತ್ತದೆ. ಚಕ್ರ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ.

ಬುಟ್ಟಿಯ ವಿಷಯ ಬೇರೆ. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ 2006-07ರಲ್ಲಿ ಶುರುವಾಯಿತು. ಮುಂದೆ ಬುಟ್ಟಿ ಸಿಕ್ಕಿಸಿಕೊಂಡ ಆ ಸೈಕಲ್ಲುಗಳ ಮೇಲೆ ಒಂದು ತಲೆಮಾರಿನ ಹೆಣ್ಣುಮಕ್ಕಳು ಪಾಟೀಚೀಲ ಇಟ್ಟು ಶಾಲೆಗೆ ಹೋದರು. ಬಾಗಿಲಿಗೆ ಬಂದ ಸೈಕಲ್ಲಿನ ಮೇಲೆ ಮನೆಯವರ ಕಣ್ಣು ಬೀಳದೆ ಇರುತ್ತದೆಯೇ? ಅದೇ ಬುಟ್ಟಿಯಲ್ಲಿ ಡೈರಿಗೆ ಹಾಲು, ಗಿರಣಿಗೆ ರಾಗಿಯೂ ಹೋದವು.

ಬುಟ್ಟಿಯ ಗುಣ: ಸಾಮಾನು ಕಣ್ಣೆದುರೇ ಇರುತ್ತದೆ. ಹೂವು, ಮೊಸರು, ಬನ್ನು, ಔಷಧಿಯ ಪೊಟ್ಟಣಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ದೋಷ: ಎಲ್ಲರ ಕಣ್ಣೆದುರೂ ಇರುತ್ತದೆ. ಸಿಗ್ನಲ್ಲಿನಲ್ಲಿ ಪಕ್ಕದ ಸ್ಕೂಟರಿನವರು ಬುಟ್ಟಿಯೊಳಗೆ ಇಣುಕಿ "ನುಗ್ಗೆಕಾಯಿ ಹೇಗೆ ಕೊಟ್ರು?" ಎಂದು ಕೇಳುವುದುಂಟು. ಹ್ಯಾಂಡಲ್ಲಿಗೆ ಕೂರಿಸಿದ ಬುಟ್ಟಿಯಾದರೆ ಎರಡು ಮೂರು ಕೆ.ಜಿ.ಗೆ ನಿಲ್ಲಿಸಿ. ಅದರ ಮೇಲೆ ಹೋದರೆ ತಿರುವಿನಲ್ಲಿ ಸೈಕಲ್ಲನ್ನು ತಿರುಗಿಸುವುದು ನೀವಲ್ಲ, ಕುಂಬಳಕಾಯಿ. ಲಂಡನ್ನಿನ ಬ್ರಾಂಪ್ಟನ್ ಕಂಪನಿಯವರು ತಮ್ಮ ಮಡಚುವ ಸೈಕಲ್ಲಿನಲ್ಲಿ ಮುಂದಿನ ಚೀಲವನ್ನು ಹ್ಯಾಂಡಲ್ಲಿಗೆ ಸಿಕ್ಕಿಸದೆ ಫ್ರೇಮಿಗೇ ಸಿಕ್ಕಿಸುತ್ತಾರೆ. ಹ್ಯಾಂಡಲ್ ತಿರುಗಿದರೂ ಚೀಲ ನೆಟ್ಟಗೇ ಇರುತ್ತದೆ. ಬುದ್ಧಿವಂತರು. ಬೆಲೆಯನ್ನೂ ಅದಕ್ಕೆ ತಕ್ಕಂತೆ ಇಟ್ಟಿದ್ದಾರೆ.

ಭಾಗ 4: ಕ್ಯಾರಿಯರ್

ಈ ಭಾಗವನ್ನು ನಿಧಾನವಾಗಿ ಓದಿ.

ಹಳೆಯ ಹರ್ಕ್ಯುಲಿಸ್, ಅಟ್ಲಾಸ್, ಹೀರೊ ಸೈಕಲ್ಲು ಎಲ್ಲಾದರೂ ಕಂಡರೆ ಕಡ್ಡಿ ಎಣಿಸಿ ನೋಡಿ. ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40. ಹಿಂದೆ ಎಂಟು ಕಡ್ಡಿ ಹೆಚ್ಚಿಗೆ ಯಾಕೆ? ಭಾರ ಬೀಳುವುದು ಅಲ್ಲೇ ಎಂದು ಮಾಡಿದವನಿಗೆ ಗೊತ್ತಿತ್ತು. ಕೂತವನ ತೂಕ ಹಿಂದೆ, ಅವನ ಹೆಂಡತಿ ಹಿಂದೆ, ಅಕ್ಕಿಮೂಟೆ ಹಿಂದೆ. ರಾಜಾಜಿನಗರದ ಕೈಗಾರಿಕಾ ಬಡಾವಣೆ, 1957ರಲ್ಲಿ ಅಲ್ಲಿಗೆ ಬಂದ ಸರ್ಕಾರಿ ಸಾಬೂನು ಕಾರ್ಖಾನೆ, ಈಚೆ ಬದಿಗೆ ಬಿನ್ನಿಮಿಲ್ಲು, ಮಿನರ್ವ ಮಿಲ್ಲು: ಈ ಭಾಗದ ಊರು ಕಟ್ಟಿದವರು ಪಾಳಿ ಮುಗಿಸಿ ಹೊರಬರುತ್ತಿದ್ದದ್ದು ಇಂಥ ಸೈಕಲ್ಲಿನ ಮೇಲೆ. ಹಿಂದಿನ ಕ್ಯಾರಿಯರಿನಲ್ಲಿ ಊಟದ ಡಬ್ಬಿ. ಡಬ್ಬಿ ಎಲ್ಲಿಡುವುದು ಎಂಬ ಪ್ರಶ್ನೆಯನ್ನು ಅವರಲ್ಲಿ ಯಾರೂ ಕೇಳಿದಂತಿಲ್ಲ. ಸೈಕಲ್ ಎಂದರೆ ಕ್ಯಾರಿಯರ್ ಸಮೇತ ಎಂಬುದು ಆಗ ಹೇಳಬೇಕಾದ ಮಾತೇ ಆಗಿರಲಿಲ್ಲ.

ಈಗ ಅಂಗಡಿಗೆ ಹೋಗಿ ಕೇಳಿ.

"ಇದಕ್ಕೆ ಕ್ಯಾರಿಯರ್ ಬರಲ್ಲ ಸಾರ್."

"ಹಾಕಿಸಬಹುದಲ್ಲ?"

"ಹಾಕಿಸಬಹುದು. ಲುಕ್ ಹೋಗುತ್ತೆ."

ಇಪ್ಪತ್ತೊಂದು ಗೇರು, ಡಿಸ್ಕ್ ಬ್ರೇಕು, ಮುಂದೆ ಗುಡ್ಡ ಇಳಿಯಲು ಬೇಕಾದಂಥ ಸ್ಪ್ರಿಂಗು, ಇಷ್ಟೆಲ್ಲ ಇದ್ದು ಅರ್ಧ ಡಜನ್ ಬಾಳೆಹಣ್ಣು ಇಡಲು ಜಾಗವಿಲ್ಲದ ವಾಹನವನ್ನು ಹದಿನೈದು ಸಾವಿರಕ್ಕೆ ಮಾರುವುದಕ್ಕೆ ಧೈರ್ಯ ಬೇಕು. ಕೊಳ್ಳುವುದಕ್ಕೂ ಬೇಕು.

ಕ್ಯಾರಿಯರ್ ಕೊಳ್ಳುವಾಗ ಎರಡು ಜಾತಿ ಕಾಣುತ್ತೀರಿ. ಸೀಟಿನ ಕೋಲನ್ನು ಒಂದೇ ಹಿಡಿಯಿಂದ ಅಪ್ಪಿಕೊಂಡು ಗಾಳಿಯಲ್ಲಿ ಚಾಚಿಕೊಂಡಿರುವುದು ಒಂದು. ಹಿಂಚಕ್ರದ ಅಚ್ಚಿನ ಹತ್ತಿರದಿಂದ ಎರಡು ಕಾಲೂರಿ ನಿಲ್ಲುವುದು ಇನ್ನೊಂದು. ಮೊದಲನೆಯದನ್ನು ಬೇಡವೆನ್ನಿ. ಮಾರುವಾಗ ಹತ್ತು ಕೆ.ಜಿ. ತಡೆಯುತ್ತದೆ ಎನ್ನುತ್ತಾರೆ, ಬಸವೇಶ್ವರನಗರದ ಒಳರಸ್ತೆಗಳ ಹಂಪುಗಳ ಸಂಖ್ಯೆಯನ್ನು ಆ ಲೆಕ್ಕದಲ್ಲಿ ಸೇರಿಸಿರುವುದಿಲ್ಲ. ಎರಡನೆಯದು ನಿಮ್ಮ ಸೈಕಲ್ಲಿಗೆ ಕೂರದಿದ್ದರೆ, ಡಿಸ್ಕ್ ಬ್ರೇಕು ಅಡ್ಡ ಬಂದರೆ, ಸೈಕಲ್ಲನ್ನು ಕಾಮಾಕ್ಷಿಪಾಳ್ಯಕ್ಕೆ ತಳ್ಳಿಕೊಂಡು ಹೋಗಿ. ಲೇತು, ವೆಲ್ಡಿಂಗು, ಪೌಡರ್ ಕೋಟಿಂಗು ಮಾಡುವ ಒಂದೊಂದೇ ಬಾಗಿಲಿನ ವರ್ಕ್‌ಶಾಪುಗಳು ಅಲ್ಲಿ ಬೀದಿಬೀದಿಗೂ ಇವೆ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವವರಿಗೆ ನಿಮ್ಮ ಕ್ಯಾರಿಯರಿನ ಕಾಲು ಅರ್ಧ ಇಂಚು ಹೊರಕ್ಕೆ ಬಗ್ಗಿಸುವುದು ಯಾವ ಮಹಾ ಕೆಲಸ? ಟೀ ಬರುವುದರೊಳಗೆ ಮುಗಿಯುತ್ತದೆ. ಆದರೆ ಅಲ್ಯೂಮಿನಿಯಂ ಫ್ರೇಮಿಗೆ ವೆಲ್ಡಿಂಗ್ ಮಾಡಿಸಲು ಹೋಗಬೇಡಿ, ಆ ಜಾಗದಲ್ಲಿ ಫ್ರೇಮು ಬಲ ಕಳೆದುಕೊಳ್ಳುತ್ತದೆ. ಏನೇ ಬಗ್ಗಿಸುವುದಿದ್ದರೂ ಕ್ಯಾರಿಯರನ್ನೇ ಬಗ್ಗಿಸಿ.

ಇನ್ನು ಕಟ್ಟುವುದು. ಕ್ಯಾರಿಯರಿನ ಜತೆ ಬರುವ ಸ್ಪ್ರಿಂಗ್ ಕ್ಲಿಪ್ಪು ದಿನಪತ್ರಿಕೆ ಹಿಡಿಯಲು ಚೆನ್ನ. ಅದಕ್ಕಿಂತ ಮೆತ್ತಗಿನದನ್ನು ಅದು ಅಪ್ಪಚ್ಚಿ ಮಾಡುತ್ತದೆ, ದಪ್ಪಗಿನದನ್ನು ಹಿಡಿಯುವುದೇ ಇಲ್ಲ. ಅಂಗಡಿಯ ಕೊಕ್ಕೆಯ ಬಣ್ಣದ ಹಗ್ಗವೂ ಬೇಡ. ಎಳೆದಾಗ ಕೊಕ್ಕೆ ಕೈತಪ್ಪಿದರೆ ಅದು ಹಾರಿ ಬರುವುದು ಕಣ್ಣಿನ ಕಡೆಗೇ. ಪಂಕ್ಚರ್ ಅಂಗಡಿಗೆ ಹೋಗಿ ಹಳೆಯ ಟ್ಯೂಬು ಕೇಳಿ. ಬೈಕಿನದ್ದು ಬೇಡ, ದಪ್ಪ, ಸೈಕಲ್ಲಿನದ್ದೇ ಇರಲಿ. ಕೆಲವರು ದುಡ್ಡೂ ಕೇಳುವುದಿಲ್ಲ. ವಾಲ್ವಿನ ತುಂಡನ್ನು ಕತ್ತರಿಸಿ ಬಿಸಾಡಿ, ಮಿಕ್ಕಿದ್ದನ್ನು ಉದ್ದಕ್ಕೆ ಸೀಳಿ ಎರಡು ಬೆರಳಗಲದ ಪಟ್ಟಿ ಮಾಡಿಸಿಕೊಳ್ಳಿ. ಒಂದು ತುದಿಯನ್ನು ಸೀಟಿನ ಕಡೆಯ ಕಂಬಿಗೆ ಸುತ್ತಿ, ಪಟ್ಟಿ ತನ್ನ ತುದಿಯ ಮೇಲೇ ಹಾಯುವಂತೆ ಬಿಗಿಯಾಗಿ ಎಳೆಯಿರಿ. ಗಂಟು ಬೇಕಿಲ್ಲ, ರಬ್ಬರನ್ನು ರಬ್ಬರೇ ಹಿಡಿದುಕೊಳ್ಳುತ್ತದೆ. ಸಾಮಾನಿನ ಮೇಲೆ ಓರೆಯಾಗಿ ಒಂದು ಸುತ್ತು, ಅದಕ್ಕೆ ಅಡ್ಡಲಾಗಿ ಇನ್ನೊಂದು ಸುತ್ತು, ಉಳಿದ ತುದಿಯನ್ನು ಎರಡು ಸುತ್ತಿನ ಅಡಿಗೆ ತುರುಕಿ ಬಿಡಿ. ಬಿಚ್ಚುವಾಗ ಆ ತುದಿಯನ್ನು ಎಳೆದರೆ ಸಾಕು. ಈ ಪಟ್ಟಿಗಿಂತ ಒಳ್ಳೆಯದನ್ನು ಯಾವ ವಿದೇಶಿ ಕಂಪನಿಯೂ ಮಾಡಿಲ್ಲ ಎಂಬುದು ಈ ಕೈಪಿಡಿಯ ಖಚಿತ ಅಭಿಪ್ರಾಯ.

ಭಾಗ 5: ಪಕ್ಕಚೀಲ

ಕ್ಯಾರಿಯರಿನ ಎರಡೂ ಪಕ್ಕಕ್ಕೆ ಇಳಿಬಿಡುವ ಚೀಲಕ್ಕೆ ಅಂಗಡಿಯವರು ಪ್ಯಾನಿಯರ್ ಎನ್ನುತ್ತಾರೆ. ಹೊರೆ ಕೆಳಗಿಳಿದಷ್ಟೂ ಸೈಕಲ್ ತೂಗಾಡದು, ಬೆನ್ನು ಒಣಗಿರುತ್ತದೆ, ಮೇಲಿನ ಕ್ಯಾರಿಯರು ಕುಂಬಳಕಾಯಿಗೆ ಖಾಲಿ ಉಳಿಯುತ್ತದೆ. ನಮ್ಮ ಶಿಫಾರಸು ಇದಕ್ಕೇ.

ಜರ್ಮನಿಯ ಹಾರ್ಟ್‌ಮುಟ್ ಓರ್ಟ್‌ಲೀಬ್ ಎಂಬಾತ 1982ರಲ್ಲಿ ಇಂಥ ಚೀಲಗಳ ಕಂಪನಿ ಶುರುಮಾಡಿದ. ಮಳೆಯಲ್ಲಿ ತನ್ನ ಸಾಮಾನೆಲ್ಲ ನೆನೆದಿದ್ದಾಗ, ಪಕ್ಕದಲ್ಲಿ ಹಾದುಹೋದ ಲಾರಿಗಳ ಟಾರ್ಪಾಲು ನೋಡಿ ಆ ಯೋಚನೆ ಹೊಳೆಯಿತಂತೆ. ಆ ಚೀಲಗಳು ಇಂದಿಗೂ ಪ್ರಪಂಚದ ಸೈಕಲ್ ಪ್ರವಾಸಿಗರ ಮೆಚ್ಚಿನವು. ಲಾರಿಗೂ ಟಾರ್ಪಾಲಿಗೂ ಅದನ್ನು ಹೊಲಿಯುವವರಿಗೂ ಬೆಂಗಳೂರಿನಲ್ಲಿ ಎಂದು ಬರವಿತ್ತು? ಅಳತೆ ಕೊಟ್ಟರೆ ಹೊಲಿದುಕೊಡುತ್ತಾರೆ. ಹೊಲಿಸುವಾಗ ಗಮನಿಸಬೇಕಾದ್ದು ಇಷ್ಟು: ಚೀಲದ ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಿರಬೇಕು, ಇಲ್ಲದಿದ್ದರೆ ಪೆಡಲ್ ತುಳಿಯುವ ಹಿಮ್ಮಡಿ ಪ್ರತಿ ಸುತ್ತಿಗೂ ಬಡಿಯುತ್ತದೆ. ಒಳಬದಿಗೆ ಗಟ್ಟಿ ಹಲಗೆ ಇರಬೇಕು, ಇಲ್ಲದಿದ್ದರೆ ಚೀಲ ಕಡ್ಡಿಗೆ ಸಿಗುತ್ತದೆ. ಭಾರದ ವಸ್ತು ಅಚ್ಚಿನ ನೇರಕ್ಕೆ ಅಥವಾ ತುಸು ಮುಂದಕ್ಕೆ ಬರಬೇಕು. ಹಿಂದಕ್ಕೆ ಹೋದರೆ ಏರಿನಲ್ಲಿ ಮುಂಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಎರಡು ಚೀಲಗಳ ಒಟ್ಟು ಅಗಲ ಹ್ಯಾಂಡಲ್ಲಿನ ಅಗಲ ಮೀರಬಾರದು. ನವರಂಗ್ ಸಿಗ್ನಲ್ಲಿನಲ್ಲಿ ಎರಡು ಆಟೋಗಳ ನಡುವೆ ಹ್ಯಾಂಡಲ್ ತೂರಿದರೆ ಹಿಂದಿನದೂ ತೂರೀತು ಎಂದು ನಿಮ್ಮ ಕಣ್ಣು ಲೆಕ್ಕ ಹಾಕಿರುತ್ತದೆ. ಆಟೋದವರ ಲೆಕ್ಕ ಬೇರೆ ಇರುತ್ತದೆ.

ಎಚ್ಚರಿಕೆ: ದ್ರವಗಳ ಸಾಗಣೆ

ಪಾಶ್ಚಾತ್ಯ ಕೈಪಿಡಿಗಳಲ್ಲಿ ಈ ಅಧ್ಯಾಯ ಇರುವುದಿಲ್ಲ. ಅವರು ಸ್ಯಾಂಡ್‌ವಿಚ್ ಒಯ್ಯುತ್ತಾರೆ.

ಚಿತ್ರಾನ್ನ, ಪುಳಿಯೋಗರೆ, ವಾಂಗಿಬಾತು, ಒಗ್ಗರಣೆ ಅವಲಕ್ಕಿ: ಯಾವ ಭಂಗಿಯಲ್ಲಾದರೂ, ಯಾವ ಡಬ್ಬಿಯಲ್ಲಾದರೂ ಒಯ್ಯಬಹುದು. ಬಿಸಿಬೇಳೆಬಾತು ಮನೆ ಬಿಡುವಾಗ ದ್ರವ, ಆಫೀಸು ಸೇರುವಾಗ ಘನ; ಮೊದಲ ಎರಡು ಕಿಲೋಮೀಟರ್ ಜೋಪಾನ. ಮೊಸರನ್ನ ಹೊರನೋಟಕ್ಕೆ ಸಾಧು, ದಾರಿಯಲ್ಲಿ ಕುಲುಕಿದರೆ ನೀರು ಬಿಟ್ಟುಕೊಳ್ಳುತ್ತದೆ. ಹುಳಿಗೆ ರಬ್ಬರ್ ಸುತ್ತು, ನಾಲ್ಕು ಕ್ಲಿಪ್ಪು ಇರುವ ಡಬ್ಬಿಯೇ ಆಗಬೇಕು. ನೆಟ್ಟಗಿಟ್ಟು, ಸುತ್ತ ಟವೆಲ್ ತುರುಕಿ, ಲ್ಯಾಪ್‌ಟಾಪ್ ಇಲ್ಲದ ಕಡೆಯ ಚೀಲದಲ್ಲಿಡಿ. ಮಜ್ಜಿಗೆಹುಳಿಗೆ ಅದೂ ಸಾಲದು. ಸಾರು, ಬಸ್ಸಾರು, ಉಪ್ಸಾರು ನಿಷಿದ್ಧ. ಮುದ್ದೆಯಷ್ಟು ಸೈಕಲ್ಲಿಗೆ ಹೇಳಿ ಮಾಡಿಸಿದ ಆಹಾರ ಇನ್ನೊಂದಿಲ್ಲ, ಉರುಳಿದರೂ ಕೆಡದು, ಬಿದ್ದರೂ ಒಡೆಯದು. ಆದರೆ ಸಾರಿಲ್ಲದೆ ಮುದ್ದೆ ಒಂದೇ ಹೋಗಿ ಏನು ಮಾಡೀತು?

ನಿಷೇಧ ಮೀರಿ ಒಯ್ಯುವವರು ಬಿಸಿ ಸಾರು ತುಂಬಿ ತಕ್ಷಣ ಮುಚ್ಚಳ ಬಿಗಿಯಬಾರದು. ಒಳಗಿನ ಹಬೆ ಮೊದಲು ಮುಚ್ಚಳವನ್ನು ಎತ್ತಿ ಸಾರನ್ನು ಸಂದಿನಿಂದ ಹೊರಗೆ ಕಳಿಸುತ್ತದೆ. ಆಮೇಲೆ ತಣಿದಾಗ ಒಳಗಿನ ಒತ್ತಡ ಇಳಿದು, ಅದೇ ಮುಚ್ಚಳ ಮಧ್ಯಾಹ್ನ ಒಂದೂವರೆಗೆ ಇಡೀ ಆಫೀಸು ಸೇರಿ ತಿರುಗಿಸಿದರೂ ಬರುವುದಿಲ್ಲ. ಚೀಲ ತೊಳೆದರೂ ಅರಿಶಿನದ ಕಲೆ ಹೋಗುವುದಿಲ್ಲ. ಇಂಗಿನ ವಾಸನೆಯನ್ನು ಹೋಗಲಾಡಿಸುವ ಪ್ರಯತ್ನ ಬೇಡ.

ಹೆಚ್ಚಿನ ತರಬೇತಿ

ಈ ವಿದ್ಯೆಯ ಗ್ರಂಥಗಳು ಕಡಿಮೆ, ಗುರುಗಳು ಬಹಳ. ಬೆಳಗಿನ ಐದೂವರೆಗೆ ಪೇಪರ್ ಹಾಕುವ ಹುಡುಗರನ್ನು ನೋಡಿ. ಹಿಂದಿನ ಕ್ಯಾರಿಯರಿನಲ್ಲಿ ಆಳೆತ್ತರದ ಕಟ್ಟು, ಮುಂದೆ ಇಳಿಬಿಟ್ಟ ಜೋಳಿಗೆ. ಮುಂದಿನ ಜೋಳಿಗೆ ಕರಗುತ್ತ ಬಂದ ಹಾಗೆ ಹಿಂದಿನ ಕಟ್ಟನ್ನು ಅದಕ್ಕೆ ವರ್ಗಾಯಿಸುತ್ತ, ತುಳಿಯುತ್ತಲೇ ಪೇಪರ್ ಮಡಚುತ್ತ, ಎರಡನೇ ಮಹಡಿಯ ಬಾಲ್ಕನಿಗೆ ಗುರಿಯಿಟ್ಟು ಎಸೆಯುತ್ತಾರೆ. ಸಿಲಿಂಡರ್ ತರುವವರದು ಅದಕ್ಕೂ ಮೇಲಿನ ತರಗತಿ. ಒಂದು ಸಿಲಿಂಡರಿನಲ್ಲಿ ಅನಿಲವೇ 14.2 ಕೆ.ಜಿ.; ಉಕ್ಕಿನ ತೂಕ ಸೇರಿದರೆ ಮೂವತ್ತರ ಆಸುಪಾಸು. ಅಂಥವನ್ನು ಕ್ಯಾರಿಯರಿನ ಎರಡೂ ಪಕ್ಕ ಕೊಕ್ಕೆಗೆ ತೂಗುಹಾಕಿಕೊಂಡು ಬರುತ್ತಿದ್ದವರನ್ನು ಈ ಬಡಾವಣೆಗಳು ಚೆನ್ನಾಗಿ ಕಂಡಿವೆ. ಪಕ್ಕಚೀಲದ ತತ್ವ ಅಷ್ಟೂ ಅಲ್ಲಿದೆ: ಕೆಳಗೆ, ಎರಡೂ ಕಡೆ, ಸಮನಾಗಿ.

ಎಳನೀರಿನವರದು ಸ್ನಾತಕೋತ್ತರ ಮಟ್ಟ. ಹ್ಯಾಂಡಲ್ಲು, ಬಾರು, ಕ್ಯಾರಿಯರು, ಎಲ್ಲೆಲ್ಲಿ ಕಂಬಿಯಿದೆಯೋ ಅಲ್ಲೆಲ್ಲ ಗೊನೆ. ಸೈಕಲ್ಲೇ ಕಾಣುವುದಿಲ್ಲ. ಅವರು ತುಳಿಯುವುದೂ ಇಲ್ಲ ಎಂಬುದನ್ನು ಗಮನಿಸಿ, ಪಕ್ಕದಲ್ಲಿ ನಡೆಯುತ್ತ ತಳ್ಳುತ್ತಾರೆ. ಒಂದು ಹಂತ ದಾಟಿದ ಮೇಲೆ ಸೈಕಲ್ಲನ್ನು ಸವಾರಿಗೆ ಬಿಟ್ಟು ಗಾಡಿಯಾಗಿ ಬಳಸಬೇಕು ಎಂಬುದು ಅವರ ಪಾಠ. 1954ರಲ್ಲಿ ವಿಯೆಟ್ನಾಮಿನವರು ದಿಯೆನ್ ಬಿಯೆನ್ ಫು ಕಣಿವೆಯಲ್ಲಿ ಫ್ರೆಂಚ್ ಸೈನ್ಯವನ್ನು ಸೋಲಿಸಿದ್ದು ಇದೇ ವಿದ್ಯೆಯ ನೆರವಿನಿಂದ. ಹ್ಯಾಂಡಲ್ಲಿಗೆ ಉದ್ದನೆಯ ಬಿದಿರುಕೋಲು ಕಟ್ಟಿ, ಒಂದೊಂದು ಸೈಕಲ್ಲಿನ ಮೇಲೆ ಇನ್ನೂರು ಕೆ.ಜಿ.ಗೂ ಮೀರಿ ಅಕ್ಕಿ, ಮದ್ದುಗುಂಡು ಹೇರಿ, ಕಾಡು ಗುಡ್ಡದಲ್ಲಿ ತಳ್ಳಿಕೊಂಡು ಹೋದರು. ಆ ಸೈಕಲ್ಲುಗಳಲ್ಲಿ ಬಹಳಷ್ಟು ಫ್ರಾನ್ಸಿನವೇ, ಪಿಯೂಜೊ ಕಂಪನಿಯವು.

ದಾರಿಯ ಸೂಚನೆಗಳು

ಮೈಸೂರು ರಸ್ತೆಯಲ್ಲಿ ಏರು ಯಾವುದು ಇಳಿಜಾರು ಯಾವುದು ಎಂದು ಕಣ್ಣಿಗೆ ಗೊತ್ತಾಗುವುದಿಲ್ಲ, ತೊಡೆಗೆ ಗೊತ್ತಾಗುತ್ತದೆ. ಸಂದೇಹವಿದ್ದರೆ ಪಕ್ಕದಲ್ಲಿ ಹರಿಯುವ ವೃಷಭಾವತಿಯನ್ನು ಕೇಳಿ. ಅದು ಹೋಗುವುದು ಊರಿನಿಂದ ಕೆಂಗೇರಿಯ ಕಡೆಗೆ. ಹಾಗಾಗಿ ಕೆಂಗೇರಿಯಿಂದ ಬೆಳಿಗ್ಗೆ ಹೊರಟವರು ಹೊಳೆಗೆ ಎದುರಾಗಿ ಹತ್ತುತ್ತಾರೆ, ಸಂಜೆ ತರಕಾರಿ ಸಮೇತ ಹೊಳೆಯ ಜತೆ ಇಳಿಯುತ್ತಾರೆ. ಪ್ರಕೃತಿ ಕೆಂಗೇರಿಯವರಿಗೆ ತೋರಿದ ಈ ಕೃಪೆಗೆ ಪ್ರತಿಯಾಗಿ ಮೂಗಿಗೆ ಕರವಸ್ತ್ರ ಕಟ್ಟಿಕೊಳ್ಳಬೇಕಾಗುತ್ತದೆ. ಹೊಳೆ ಎಲ್ಲಿದೆ ಎಂದು ಹುಡುಕುವ ಪ್ರಮೇಯವೇ ಇಲ್ಲ.

ಸುಮನಹಳ್ಳಿಯ ಮೇಲ್ಸೇತುವೆಯಲ್ಲಿ 2019ರಲ್ಲಿ ರಸ್ತೆಗೇ ತೂತು ಬಿದ್ದು ಒಳಗಿನ ಕಂಬಿ ಕಾಣಿಸಿತ್ತು. ಅಂಥದ್ದು ಇಲ್ಲದ ದಿನವೂ ಕಟ್ಟಿದ್ದನ್ನು ಸೇತುವೆ ಹತ್ತುವ ಮುಂಚೆ ಒಮ್ಮೆ ಕೈಯಿಂದ ಅಲ್ಲಾಡಿಸಿ ನೋಡಿ.

ಮೆಟ್ರೊ ನೇರಳೆ ಮಾರ್ಗ 2021ರ ಆಗಸ್ಟಿನಲ್ಲಿ ಕೆಂಗೇರಿ ತಲುಪಿದ ಮೇಲೆ ಅರ್ಧ ದಾರಿ ಸೈಕಲ್ಲು, ಅರ್ಧ ದಾರಿ ರೈಲು ಎಂಬ ಲೆಕ್ಕ ಹಾಕುವವರು ಹೆಚ್ಚಿದ್ದಾರೆ. ಮಡಚುವ ಸೈಕಲ್ಲನ್ನು ಒಳಗೆ ಒಯ್ಯಲು 2020ರಲ್ಲೇ ಒಪ್ಪಿಗೆ ಸಿಕ್ಕಿತು. ಸಾಮಾನಿಗೆ ಮೆಟ್ರೊ ಇಟ್ಟಿರುವ ಅಳತೆ 60, 45, 25 ಸೆಂಟಿಮೀಟರ್. ತೂಕ 15 ಕೆ.ಜಿ. ಹಿಂದೆ ಹೇಳಿದ ಲಂಡನ್ನಿನ ಬ್ರಾಂಪ್ಟನ್ ಸೈಕಲ್ಲು ಮಡಚಿದರೆ 58.5, 56.5, 27. ಚಿಕ್ಕದಾಗಿ ಮಡಚುವುದಕ್ಕೇ ಹೆಸರಾದ ಸೈಕಲ್ಲಿನ ಗತಿ ಹೀಗಾದರೆ ಮಿಕ್ಕವುಗಳ ಪಾಡು ಹೇಳುವುದೇನು? ಅಳತೆಪಟ್ಟಿ ತೆಗೆಯದವರು ಸಿಕ್ಕಲಿ ಎಂದು ಹಾರೈಸುತ್ತೇವೆ. ಚೀಲದಲ್ಲಿ ಪಂಕ್ಚರ್ ಸಾಮಾನು, ಸ್ಪ್ಯಾನರು ಇದ್ದರೆ ಸ್ಕ್ಯಾನರಿನವರಿಗೆ ಕೊಡಲು ಒಂದು ವಿವರಣೆಯನ್ನೂ ಇಟ್ಟುಕೊಳ್ಳಿ.

ಮಳೆ

ಬೆಂಗಳೂರಿನಲ್ಲಿ ಹೆಚ್ಚು ಮಳೆ ಬೀಳುವ ತಿಂಗಳು ಸೆಪ್ಟೆಂಬರ್. ಬೀಳುವ ಹೊತ್ತು ಹೆಚ್ಚಾಗಿ ಸಂಜೆ, ಅಂದರೆ ನೀವು ಹೊರಡುವ ಹೊತ್ತು. ನೀರು ನಿಲ್ಲುವ ಬಟ್ಟೆ ಎಂದು ಅಚ್ಚು ಹಾಕಿದ ಚೀಲಗಳಲ್ಲಿ ಒಳಹೋದ ನೀರು ಹೊರಬರದೆ ನಿಲ್ಲುತ್ತದೆ. ಹೊಲದಲ್ಲಿ ಮಳೆ ಬಂದರೆ ರೈತರು ಗೊಬ್ಬರದ ಚೀಲದ ಒಂದು ಮೂಲೆಯನ್ನು ಒಳಕ್ಕೆ ಮಡಿಸಿ ಕೊಪ್ಪೆ ಮಾಡಿ ತಲೆಗೆ ಹಾಕಿಕೊಳ್ಳುತ್ತಾರಲ್ಲ, ಅದನ್ನೇ ಕ್ಯಾರಿಯರಿನ ಮೇಲಿನ ಹೊರೆಗೆ ಹಾಕಿ ಟ್ಯೂಬ್ ಪಟ್ಟಿ ಬಿಗಿಯಿರಿ. ಎರಡೂ ಚಕ್ರಕ್ಕೆ ಮಡ್‌ಗಾರ್ಡ್ ಇಲ್ಲದಿದ್ದರೆ ಇದೆಲ್ಲ ವ್ಯರ್ಥ. ಮೇಲಿಂದ ಬೀಳುವುದು ನೀರು, ಕೆಳಗಿಂದ ಬರುವುದು ಮೈಸೂರು ರಸ್ತೆ.

ಹಬ್ಬದ ದಿನಗಳ ವಿಶೇಷ ಸೂಚನೆ

ಗಣಪತಿಯನ್ನು ಟ್ಯೂಬ್ ಪಟ್ಟಿಯಿಂದ ಕಟ್ಟಬೇಡಿ. ಹಸಿಮಣ್ಣಿನ ಸೊಂಡಿಲು ತಡೆಯುವುದಿಲ್ಲ, ಮನೆಯ ಹಿರಿಯರೂ ತಡೆಯುವುದಿಲ್ಲ. ಮುಂದಿನ ಬುಟ್ಟಿಯಲ್ಲಿ ಹುಲ್ಲು ಹಾಸಿ ಕೂರಿಸಿ. ಮುಖ ರಸ್ತೆಯ ಕಡೆಗಿರಬೇಕೋ ಸವಾರನ ಕಡೆಗಿರಬೇಕೋ ಎಂಬ ಬಗ್ಗೆ ಒಂದೇ ಮನೆಯಲ್ಲಿ ಮೂರು ಅಭಿಪ್ರಾಯ ಬಂದರೆ, ತಲೆಗೆ ವಸ್ತ್ರ ಮುಚ್ಚಿ ತಳ್ಳಿಕೊಂಡು ಬನ್ನಿ. ವರಮಹಾಲಕ್ಷ್ಮಿ ಹಬ್ಬದ ಬಾಳೆಕಂದನ್ನು ಬಾರಿಗೆ ಉದ್ದುದ್ದಕ್ಕೆ ಕಟ್ಟಿ. ಅಡ್ಡ ಕಟ್ಟಿದವರು ಎಡಬಲದ ಸ್ಕೂಟರುಗಳನ್ನೆಲ್ಲ ಆಶೀರ್ವದಿಸುತ್ತ ಬರಬೇಕಾಗುತ್ತದೆ. ಆಯುಧಪೂಜೆಗೆ ಬ್ಯಾಟರಾಯನಪುರದ ಗಾಳಿ ಆಂಜನೇಯನ ಸನ್ನಿಧಿಯಲ್ಲಿ ಲಾರಿ, ಕಾರುಗಳ ಸಾಲಿನ ನಡುವೆ ಸೈಕಲ್ಲಿಗೂ ಜಾಗವಿದೆ. ಆದರೆ ಖಾಲಿ ಸೈಕಲ್ಲಿನ ತೆಳು ಟೈರಿಗೆ ನಿಂಬೆಹಣ್ಣು ಒಡೆಯುವುದಿಲ್ಲ, ಪಕ್ಕಕ್ಕೆ ಜಾರಿಬಿಡುತ್ತದೆ. ಹೊರೆ ಹೇರಿಕೊಂಡೇ ಹೋಗಿ.

ತೊಂದರೆ ನಿವಾರಣೆ

ಸೈಕಲ್ ಎಡಕ್ಕೆ ಎಳೆಯುತ್ತದೆ: ಎಡಚೀಲದಲ್ಲಿ ತೆಂಗಿನಕಾಯಿ ಇದೆ. ಒಂದನ್ನು ಬಲಕ್ಕೆ ಹಾಕಿ. ಇರುವುದೇ ಒಂದಾದರೆ ಇನ್ನೊಂದು ಕೊಳ್ಳಿ.

ಹಿಂದಿನಿಂದ ಕಿರಕಿರ ಸದ್ದು: ಕ್ಯಾರಿಯರಿನ ನಟ್ಟು ಸಡಿಲ. ಬಿಗಿದರೂ ನಿಲ್ಲದಿದ್ದರೆ ಹಪ್ಪಳದ ಪೊಟ್ಟಣ ನೋಡಿ.

ನಿಂತಾಗ ಸೈಕಲ್ ಬೀಳುತ್ತದೆ: ಒಂಟಿಕಾಲಿನ ಸ್ಟ್ಯಾಂಡು ಹೊರೆಗೆ ಆಗುವುದಿಲ್ಲ. ಹಳೆಯ ಸೈಕಲ್ಲಿನಂತೆ ಹಿಂಚಕ್ರವನ್ನು ಎತ್ತಿ ನಿಲ್ಲಿಸುವ ಜೋಡುಕಾಲಿನ ಸ್ಟ್ಯಾಂಡು ಹಾಕಿಸಿ.

ಹೊರೆ ದಿನದಿಂದ ದಿನಕ್ಕೆ ಹೆಚ್ಚುತ್ತಿದೆ: ಪಕ್ಕದ ಮನೆಯವರಿಗೂ ಗೊತ್ತಾಗಿದೆ. ಪರಿಹಾರವಿಲ್ಲ.

ವಾರಂಟಿ

ಈ ಕೈಪಿಡಿಗೆ ವಾರಂಟಿ ಇಲ್ಲ. ಸೈಕಲ್ಲಿನ ವಾರಂಟಿಯನ್ನು ಓದಿದವರಿಗೆ ಇದರಿಂದ ಹೊಸ ಆಘಾತವೇನೂ ಆಗದು.

ಸೈಕಲ್ ಮಾಡುವವರಲ್ಲಿ ಒಂದು ಕೋರಿಕೆ: ಕೆಲಸಕ್ಕೆ ಹೋಗುವವರಿಗೆಂದು ಮಾರುವ ಸೈಕಲ್ಲಿಗೆ ಕ್ಯಾರಿಯರು, ಮಡ್‌ಗಾರ್ಡು, ಗಟ್ಟಿ ಸ್ಟ್ಯಾಂಡು ಹಾಕಿಯೇ ಕಳಿಸಿ. ಲುಕ್ಕಿನ ಜವಾಬ್ದಾರಿ ನಮ್ಮದು. ಕೊಳ್ಳುವವರಿಗೆ ಹೇಳುವುದು ಇಷ್ಟೇ. ದುಡ್ಡು ಕೊಡುವ ಮುನ್ನ ಕೆಳಗೆ ಕೂತು ಹಿಂಚಕ್ರದ ಅಚ್ಚಿನ ಮೇಲ್ಗಡೆ ಫ್ರೇಮನ್ನು ನೋಡಿ. ಅಲ್ಲಿ ಬೋಲ್ಟ್ ಕೂರುವ ಸಣ್ಣ ತೂತು ಎರಡೂ ಕಡೆ ಇದ್ದರೆ ಕ್ಯಾರಿಯರ್ ಕೂರುತ್ತದೆ. ಇಲ್ಲದಿದ್ದರೆ ಬೇರೆ ಸೈಕಲ್ ತೋರಿಸಿ ಅನ್ನಿ.